ಕೈಮಾತು ಕ್ಯಾಮೆರಾಗೆ ತಿಳಿಯುತ್ತಾ?

ಸನ್ನೆ ಭಾಷೇನ ಫೋನ್ ಕ್ಯಾಮೆರಾ ಓದುತ್ತಾ?

ಕೈ ಎತ್ತಿ ಹಿಡೀರಿ.
ಗೂಗಲ್‌ನ ಮೀಡಿಯಾಪೈಪ್ ಅನ್ನೋ ಸಾಫ್ಟ್‌ವೇರ್ ಅದರ ಮೇಲೆ 21 ಚುಕ್ಕಿ ಇಡುತ್ತೆ.
ಮಣಿಕಟ್ಟಿಗೊಂದು,
ಒಂದೊಂದು ಬೆರಳಿಗೂ ನಾಲ್ಕು.
ಥೇಟ್ ಚುಕ್ಕಿ ರಂಗೋಲಿ!
ಆದ್ರೆ ಈ ರಂಗೋಲಿ ಓಡಾಡುತ್ತೆ.
ಚುಕ್ಕಿ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನೋಡಿ
ಕಂಪ್ಯೂಟರ್ ಸನ್ನೆ ಊಹಿಸುತ್ತೆ.

ತೊಡಕು ಇರೋದು ಇಲ್ಲೇ.
ಅಮೆರಿಕದ ಸನ್ನೆ ಭಾಷೇಲಿ ಎಬಿಸಿಡಿ ಒಂದೇ ಕೈಯಲ್ಲಿ.
ನಮ್ಮ ಭಾರತೀಯ ಸನ್ನೆ ಭಾಷೇಲಿ
ಹೆಚ್ಚಿನ ಅಕ್ಷರಕ್ಕೆ ಎರಡೂ ಕೈ ಬೇಕು.
ಒಂದು ಕೈ ಇನ್ನೊಂದನ್ನ ಮುಚ್ಚಿತೋ,
ಚುಕ್ಕಿ ಜಾಗ ತಪ್ಪಬಹುದು!
ಅಲ್ಲಿಯದ್ದು ಕಲಿತ ಕಂಪ್ಯೂಟರ್ ಇಲ್ಲಿ ಕಕ್ಕಾಬಿಕ್ಕಿ.

ಇನ್ನು ಹುಬ್ಬು. ಹೌದು, ಹುಬ್ಬು!
ಏರಿಸಿದ್ರೆ ಅದೇ ಸನ್ನೆ ಪ್ರಶ್ನೆ ಆಗಬಹುದು.
ಬರೀ ಕೈ ನೋಡೋ ಆ್ಯಪ್‌ಗೆ ಅದು ಕಾಣೋದೇ ಇಲ್ಲ.

"ಸನ್ನೆ ಅನುವಾದಕ ರೆಡಿ" ಅಂತ ಯಾರಾದ್ರೂ ವಿಡಿಯೋ ಹಾಕಿದ್ರೆ,
ಕಾಮೆಂಟಲ್ಲಿ ಒಂದೇ ಮಾತು ಕೇಳಿ:
ಮುಖಾನೂ ನೋಡುತ್ತಾ?