ಹಲವು ನುಡಿ ಬಲ್ಲವರೂ ಹೊಸ ನುಡಿಯ ಹೊಸ್ತಿಲಲ್ಲಿ

ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೆರಗೋಡಿನಲ್ಲಾಗಲಿ, ಮದ್ದೂರು ಮಳವಳ್ಳಿಗಳ ಕಡೆಯ ಊರುಗಳಲ್ಲಾಗಲಿ, ಎರಡು ತಲೆಮಾರಿನ ಹಿಂದೆ ಮಗಳನ್ನು ಕೊಡುವುದೆಂದರೆ ಎತ್ತಿನ ಗಾಡಿ ಹೋಗಿ ಬರುವಷ್ಟು ದೂರದ ಊರಿಗೆ ಕೊಡುವುದೆಂದೇ ಅರ್ಥವಿತ್ತು. ಈಗ ಹಾಗಿಲ್ಲ. ನಮ್ಮ ಸಮಾಜದ ಮನೆಗಳ ಮಕ್ಕಳು ಪುಣೆ, ಸೊಲ್ಲಾಪುರ, ಹೈದರಾಬಾದು, ಕೊಯಮತ್ತೂರುಗಳಿಗೆ ಮದುವೆಯಾಗಿಯೋ ಉದ್ಯೋಗಕ್ಕಾಗಿಯೋ ಹೋಗಿ ನೆಲೆಸುತ್ತಿದ್ದಾರೆ. ಇವರಲ್ಲಿ ಬಹುಮಂದಿ ಕನ್ನಡದ ಜೊತೆಗೆ ಇಂಗ್ಲಿಷು, ಹಿಂದಿಗಳನ್ನು ಬಲ್ಲವರು; ಬೆಂಗಳೂರಿನಲ್ಲಿ ಓದಿದ್ದರೆ ತಮಿಳು, ತೆಲುಗುಗಳ ಕಿವಿಯೂ ಇರುವವರು. ಹೀಗೆ ಮೂರು ನಾಲ್ಕು ನುಡಿ ಬಲ್ಲವರು ಹೊಸದೊಂದು ನುಡಿಯ ನಾಡಿಗೆ ಹೋದಾಗ ಅದನ್ನು ಹೇಗೆ ತಮ್ಮದಾಗಿಸಿಕೊಳ್ಳಬೇಕು? ಹಾಗೆ ಮಾಡಿಕೊಳ್ಳುವಾಗ ತಾಯ್ನುಡಿಯನ್ನು ಹೇಗೆ ಉಳಿಸಿಕೊಳ್ಳಬೇಕು? ಈ ಎರಡು ಪ್ರಶ್ನೆಗಳನ್ನು ನಾವಿಲ್ಲಿ ವಿಚಾರಿಸಲು ಬಯಸುತ್ತೇವೆ.

ಕಲ್ಯಾಣಕ್ಕೆ ಬಂದವರು

ಈ ಪ್ರಶ್ನೆ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ನಾನಾ ದೇಶಗಳಿಂದ ಶರಣರು ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ರಾಜ್ಯವನ್ನು ತೊರೆದು, ಪತ್ನಿ ಮಹಾದೇವಿಯಮ್ಮನವರೊಡನೆ ಬಂದು ಕಟ್ಟಿಗೆ ಮಾರುವ ಕಾಯಕ ಕೈಕೊಂಡರೆಂಬುದು ಮನೆಮನೆಯೂ ಬಲ್ಲ ಕಥೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಆದಯ್ಯನವರ ಚರಿತೆಯನ್ನು ಹರಿಹರ ಮಹಾಕವಿ ರಗಳೆಯಾಗಿ ಹಾಡಿದ್ದಾನೆ. ಇವರೆಲ್ಲರ ಹೆಸರಿನಲ್ಲಿ ನಮಗೆ ದೊರೆತಿರುವ ವಚನಗಳು ಕನ್ನಡದವು.

ಇದನ್ನು ಎಷ್ಟು ಮಂದಿ ನಿಂತು ಯೋಚಿಸಿದ್ದೇವೆ? ಕಟ್ಟಿಗೆಯ ಹೊರೆ ಹೊತ್ತು ಬೀದಿ ಬೀದಿ ತಿರುಗುವವನು ಬೆಲೆ ಹೇಳಬೇಕು, ಚೌಕಾಸಿ ಕೇಳಬೇಕು, ಹಸಿ ಸೌದೆಯೋ ಒಣ ಸೌದೆಯೋ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ದಿನವೂ ನೂರು ಬಾಗಿಲುಗಳಲ್ಲಿ ಅದೇ ಮಾತು, ಅದೇ ತಿದ್ದುಪಡಿ. ಕಾಯಕವು ಅನ್ನವನ್ನು ಕೊಟ್ಟಂತೆಯೇ ನುಡಿಯನ್ನೂ ಕೊಟ್ಟಿರಬೇಕು. ಪುಸ್ತಕ ಹಿಡಿದು ಕಲಿತ ಭಾಷೆಯಲ್ಲಿ ವ್ಯವಹಾರ ನಡೆಸಬಹುದು. ಅನುಭಾವವನ್ನು ಹೇಳಬೇಕಾದರೆ ಆ ಭಾಷೆಯೊಳಗೆ ಬದುಕಿರಲೇಬೇಕು.

ಕಿಟೆಲ್ ಅವರ ಉದಾಹರಣೆ

ಹಲವು ಭಾಷೆ ಬಲ್ಲ ವಿದ್ವಾಂಸರೊಬ್ಬರು ಜನರ ನಡುವೆ ಬಾಳಿ ಹೊಸ ಭಾಷೆಯನ್ನು ಗಳಿಸಿದುದಕ್ಕೆ ಕನ್ನಡನಾಡು ಕಂಡ ದೊಡ್ಡ ನಿದರ್ಶನ ರೆವರೆಂಡ್ ಫರ್ಡಿನಾಂಡ್ ಕಿಟೆಲ್. ಜರ್ಮನಿಯಲ್ಲಿ ೧೮೩೨ರಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಅಭ್ಯಾಸ ಮಾಡಿದ್ದರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ೧೮೫೩ರಲ್ಲಿ ಈ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅಷ್ಟು ಭಾಷೆ ಬಲ್ಲವರು ಆರು ತಿಂಗಳಲ್ಲಿ ಕನ್ನಡ ಮುಗಿಸಿಬಿಡುತ್ತೇನೆಂದು ಹೊರಡಲಿಲ್ಲ. ಜನರಾಡುವ ಮಾತಿಗೆ ಕಿವಿಗೊಟ್ಟರು, ಪಂಡಿತರಿಂದ ಹಳಗನ್ನಡ ಕಾವ್ಯ, ವ್ಯಾಕರಣಗಳನ್ನು ಓದಿಸಿಕೊಂಡರು, ಗಾದೆಗಳನ್ನು ಕೂಡಿಟ್ಟರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ೧೮೯೪ರಲ್ಲಿ, ಎಂದರೆ ನಲವತ್ತೊಂದು ವರ್ಷಗಳ ತರುವಾಯ. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಗ್ರಂಥವನ್ನು ತೆರೆದು ನೋಡಿದವರಿಗೆ ಕವಿಪ್ರಯೋಗದ ಪಕ್ಕದಲ್ಲಿಯೇ ಹಳ್ಳಿಯ ಗಾದೆಯೂ ಕಾಣುತ್ತದೆ. ಕಲಿತವರ ಕನ್ನಡ, ಒಕ್ಕಲಿನ ಕನ್ನಡ ಎರಡಕ್ಕೂ ಅಲ್ಲಿ ಸಮಪಂಕ್ತಿ.

ಮಂಡ್ಯ ಕಂಡ ತಾಯಿ

ನಮ್ಮ ಸಮಾಜದವರೇ ಆದ ಜಯದೇವಿತಾಯಿ ಲಿಗಾಡೆಯವರ ಮಾತನ್ನು ಇಲ್ಲಿ ನೆನೆಯದಿರಲಾಗದು. ೧೯೧೨ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ತಾಯಿಯವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಸೊಲ್ಲಾಪುರವೋ ಕನ್ನಡ, ಮರಾಠಿ, ತೆಲುಗು, ಉರ್ದುಗಳು ಒಂದೇ ಬೀದಿಯಲ್ಲಿ ಕೇಳಿಸುವ ಪಟ್ಟಣ. ವಚನಕಾರ ಸಿದ್ಧರಾಮೇಶ್ವರರ ಸೊನ್ನಲಿಗೆ. ಅಂಥಲ್ಲಿ ತಾಯಿಯವರು ಸ್ವಂತ ಪರಿಶ್ರಮದಿಂದ ಕನ್ನಡದ ಓದುಬರಹ ಸಾಧಿಸಿ, ಸಿದ್ಧರಾಮೇಶ್ವರರ ಚರಿತೆಯನ್ನು ತ್ರಿಪದಿಯಲ್ಲಿ ಬೃಹತ್ ಪುರಾಣವಾಗಿ ರಚಿಸಿದರು. ತ್ರಿಪದಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ಛಂದಸ್ಸು. ಕಿವಿಯಿಂದ ಕಿವಿಗೆ ಬರುವಂಥದು. ಅದೇ ವೇಳೆಗೆ ಅವರು ಮರಾಠಿಯನ್ನು ಕೈಬಿಡಲಿಲ್ಲ. ಶರಣರ ವಚನಗಳನ್ನು ಮರಾಠಿಗೆ ತಂದು ಅಲ್ಲಿಯ ಓದುಗರಿಗೆ ಉಣಬಡಿಸಿದರು.

೧೯೭೪ರಲ್ಲಿ ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಇವರೇ. ಆ ಪೀಠವೇರಿದ ಮೊದಲ ಮಹಿಳೆಯನ್ನು ಕಂಡ ಹೆಮ್ಮೆ ಮಂಡ್ಯದ್ದು. ಮುಂದೆ ೧೯೯೪ರಲ್ಲಿ ಚದುರಂಗರೂ, ೨೦೨೪ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪನವರೂ ಇದೇ ಮಂಡ್ಯದಲ್ಲಿ ಸಮ್ಮೇಳನಾಧ್ಯಕ್ಷರಾದರು. ೧೯೮೬ರಲ್ಲಿ ಲಿಂಗೈಕ್ಯರಾದ ತಾಯಿಯವರ ಬಾಳಿನಿಂದ ನಾವು ಕಲಿಯಬೇಕಾದ ಪಾಠವೆಂದರೆ, ಎರಡು ನುಡಿಗಳಲ್ಲಿ ಒಂದನ್ನು ಪಡೆಯಲು ಮತ್ತೊಂದನ್ನು ಮಾರಬೇಕಾಗಿಲ್ಲ ಎಂಬುದು.

ಬಲ್ಲ ನುಡಿಯೇ ಮೆಟ್ಟಿಲು, ಬಲ್ಲ ನುಡಿಯೇ ತೊಡಕು

ಈಗಾಗಲೇ ಹಲವು ಭಾಷೆ ಬಲ್ಲವರಿಗೆ ಅನುಕೂಲಗಳುಂಟು. ಕನ್ನಡದ ಹಾಲು, ಹಲ್ಲು, ಹುಲಿ, ಹತ್ತುಗಳು ತಮಿಳಿನಲ್ಲಿ ಪಾಲ್, ಪಲ್, ಪುಲಿ, ಪತ್ತು ಆಗುವುದನ್ನು ಒಮ್ಮೆ ಗಮನಿಸಿದರೆ ಸಾಕು, ಅಪರಿಚಿತವೆನಿಸಿದ ಎಷ್ಟೋ ಶಬ್ದಗಳು ನೆಂಟರಂತೆ ಮುಖ ತೋರುತ್ತವೆ. ನಮ್ಮ ಹಳಗನ್ನಡದಲ್ಲಿಯೂ ಇವು ಪಕಾರದಿಂದಲೇ ಇದ್ದವಷ್ಟೆ.

ಆದರೆ ಇದೇ ನೆಂಟಸ್ತಿಕೆ ಮೋಸವನ್ನೂ ಮಾಡುತ್ತದೆ. ತೆಲುಗರು ‘ಅವಸರಂ’ ಎಂದರೆ ಅಗತ್ಯವೆಂದು ಅರ್ಥ. ನಾವು ಆತುರವೆಂದು ತಿಳಿಯುತ್ತೇವೆ. ಹಿಂದಿಯ ‘ಉಪನ್ಯಾಸ್’ ಕಾದಂಬರಿ. ನಮ್ಮ ಉಪನ್ಯಾಸ ಭಾಷಣ. ಮರಾಠಿಗೆ ಹೋದ ಕನ್ನಡಿಗರಿಗೆ ಲಿಂಗಭೇದವೇ ದೊಡ್ಡ ಕಂಟಕ. ಕನ್ನಡದಲ್ಲಿ ತಟ್ಟೆಯ ಮೇಲಿನ ಪದಾರ್ಥಗಳೆಲ್ಲ ನಪುಂಸಕಲಿಂಗ. ಮರಾಠಿಯಲ್ಲಿ ಅನ್ನವಾದ ‘ಭಾತ’ ಪುಲ್ಲಿಂಗ, ‘ಪೋಳಿ’ ಸ್ತ್ರೀಲಿಂಗ, ಹಾಲಾದ ‘ದೂಧ’ ನಪುಂಸಕ. ಇದಕ್ಕೆ ಕಾರಣ ಹುಡುಕುತ್ತಾ ಕುಳಿತರೆ ಊಟ ಆರುತ್ತದೆ. ಬಡಿಸುವವರು ಹೇಗೆನ್ನುತ್ತಾರೋ ಹಾಗೆಯೇ ಅನ್ನುವುದೊಂದೇ ದಾರಿ.

ಇನ್ನೊಂದು ಸೂಕ್ಷ್ಮವಿದೆ. ನಾವು ಇಂದಿನ ಕನ್ನಡದಲ್ಲಿ ‘ನಾವು’ ಎಂದರೆ ಎದುರಿನವರನ್ನು ಸೇರಿಸಿಯೂ ಆಗಬಹುದು, ಬಿಟ್ಟೂ ಆಗಬಹುದು. ಮರಾಠಿಯಲ್ಲಿ ಸೇರಿಸಿದರೆ ‘ಆಪಣ’, ಬಿಟ್ಟರೆ ‘ಆಮ್ಹೀ’. ತೆಲುಗಿನಲ್ಲಿ ‘ಮನಂ’ ಮತ್ತು ‘ಮೇಮು’, ತಮಿಳಿನಲ್ಲಿ ‘ನಾಂ’ ಮತ್ತು ‘ನಾಂಗಳ್’. ಹೊಸದಾಗಿ ಬಂದ ಸೊಸೆ ಅತ್ತೆಯವರೆದುರು ಇಡೀ ಮನೆಯ ವಿಷಯ ಮಾತಾಡುತ್ತಾ ‘ಆಮ್ಹೀ’ ಎಂದುಬಿಟ್ಟರೆ, ಅರಿಯದೆಯೇ ಅತ್ತೆಯವರನ್ನು ಹೊರಗಿಟ್ಟಂತಾಗುತ್ತದೆ. ನುಡಿಯ ಕಲಿಕೆ ಮನಸ್ಸುಗಳ ಕಲಿಕೆಯೂ ಹೌದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬಹುಭಾಷಾ ಬಲ್ಲವರ ಮುಖ್ಯ ತೊಡಕು ಮಾತ್ರ ವ್ಯಾಕರಣದ್ದಲ್ಲ, ಸ್ವಾಭಿಮಾನದ್ದು. ನಾಲ್ಕು ಭಾಷೆಗಳಲ್ಲಿ ನಿರರ್ಗಳವಾಗಿ ಮಾತನಾಡಬಲ್ಲವರು ಐದನೆಯದರಲ್ಲಿ ಮಗುವಿನಂತೆ ತೊದಲಲು ನಾಚುತ್ತಾರೆ. ಒಡನೆಯೇ ಇಂಗ್ಲಿಷಿಗೋ ಹಿಂದಿಗೋ ಹಾರುತ್ತಾರೆ. ಎದುರಿನವರೂ ಸೌಜನ್ಯದಿಂದ ಅದರಲ್ಲಿಯೇ ಉತ್ತರಿಸುತ್ತಾರೆ. ಹೀಗೆ ಹತ್ತು ವರ್ಷ ಕಳೆದರೂ ಹೊಸ ನುಡಿ ಹೊಸ್ತಿಲ ಹೊರಗೇ ಉಳಿಯುತ್ತದೆ. ಎನಗಿಂತ ಕಿರಿಯರಿಲ್ಲವೆಂಬ ಶರಣರ ಭಾವ ಇಲ್ಲಿಯೂ ಬೇಕು. ತರಕಾರಿ ಮಾರುವ ಅಮ್ಮನೇ ಗುರು, ಪಕ್ಕದ ಮನೆಯ ಮಗುವೇ ಗುರು.

ಮನೆಗಳು ಮಾಡಬೇಕಾದುದು

ಹೊಸ ನಾಡಿಗೆ ಹೋದವರು ಮೊದಲ ಕೆಲವು ತಿಂಗಳು ದಿನಕ್ಕೆ ಒಂದು ಹೊತ್ತನ್ನಾದರೂ ಆ ನಾಡಿನ ನುಡಿಗೇ ಮೀಸಲಿಡಲಿ. ಸಂತೆ, ಬಸ್ಸು, ಗುಡಿ, ಅಡುಗೆಮನೆ ಇವು ನಿಘಂಟಿಗಿಂತ ಮುಂಚಿನ ಪಾಠಶಾಲೆಗಳು. ಕೇಳಿದ ವಾಕ್ಯವನ್ನು ಬಿಡಿ ಶಬ್ದಗಳಾಗಿ ಒಡೆಯದೆ ಇಡಿಯಾಗಿ ಬರೆದಿಟ್ಟುಕೊಳ್ಳಲಿ. ಲಿಪಿಯನ್ನು ಬೇಗನೆ ಕಲಿಯಲಿ. ದೇವನಾಗರಿ ಬಲ್ಲವರಿಗೆ ಮರಾಠಿಯೂ, ಕನ್ನಡ ಲಿಪಿ ಬಲ್ಲವರಿಗೆ ತೆಲುಗೂ ಹತ್ತಿರವೇ. ತಪ್ಪನ್ನು ತಿದ್ದುವವರನ್ನು ಉಪಕಾರಿಗಳೆಂದು ಭಾವಿಸಲಿ.

ಆದರೆ ಮನೆಯೊಳಗೆ? ನಿಜವಾದ ಅಪಾಯವಿರುವುದು ಇಲ್ಲಿಯೇ. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳಿಗೆ ಬೀದಿಯ ನುಡಿಯನ್ನು ಬೀದಿಯೇ ಕಲಿಸುತ್ತದೆ, ಶಾಲೆಯ ನುಡಿಯನ್ನು ಶಾಲೆ ಕಲಿಸುತ್ತದೆ. ಕನ್ನಡವನ್ನು ಕಲಿಸಲು ತಂದೆತಾಯಿಗಳ ಹೊರತು ಅಲ್ಲಿ ಯಾರೂ ಇಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಬಂದ ಮೊಮ್ಮಗು ಅಜ್ಜಿಯ ಮಾತಿಗೆ ಉತ್ತರಿಸಲಾಗದೆ ತಾಯಿಯ ಮುಖ ನೋಡುವುದು, ಅಜ್ಜಿ ಸುಮ್ಮನೆ ತಲೆ ಸವರಿ ಕಳುಹುವುದು ಇಂದು ಹಲವು ಮನೆಗಳ ನೋವು. ಅಜ್ಜಿಯ ಬಾಯಿಂದ ವಚನ ಕೇಳದ ಮಗುವಿಗೆ ಮುಂದೆ ಅದನ್ನು ಅನುವಾದದಲ್ಲಿ ಓದುವುದೇ ಗತಿಯಾಗುತ್ತದೆ. ಅನುವಾದ ಒಳ್ಳೆಯದೇ, ಜಯದೇವಿತಾಯಿಯವರು ಅದಕ್ಕಾಗಿಯೇ ಶ್ರಮಿಸಿದರು. ಆದರೆ ಅದು ಕನ್ನಡವರಿಯದವರಿಗೆ ನೀಡಿದ ಪ್ರಸಾದ. ಕನ್ನಡದ ಮನೆಯಲ್ಲಿ ಹುಟ್ಟಿದವರು ಅದಕ್ಕೆ ಕಾಯಬೇಕಾದ ಪರಿಸ್ಥಿತಿ ಬರಬಾರದು.

ಆದುದರಿಂದ ನಾವು ಓದುಗ ಬಂಧುಗಳಲ್ಲಿ ಬಿನ್ನವಿಸುವುದಿಷ್ಟು. ನಿತ್ಯ ಲಿಂಗಪೂಜೆಯ ನಂತರ ಮಕ್ಕಳಿಂದ ಒಂದು ವಚನವನ್ನು ಕನ್ನಡದಲ್ಲಿಯೇ ಹೇಳಿಸಿರಿ. ವಾರಕ್ಕೊಮ್ಮೆ ಊರಿನ ಹಿರಿಯರೊಡನೆ ದೂರವಾಣಿಯಲ್ಲಿ ಮಾತನಾಡಿಸಿರಿ, ತೊದಲಿದರೆ ನಗಬೇಡಿರಿ. ರಜೆಯಲ್ಲಿ ಮಕ್ಕಳನ್ನು ಎರಡು ದಿನದ ನೆಂಟರಂತೆ ತಂದು ಒಯ್ಯದೆ ತಿಂಗಳು ಪೂರ್ತಿ ಊರಿನಲ್ಲಿ ಬಿಡಿರಿ. ಗದ್ದೆಯ ಬದುವಿನ ಮೇಲೆ, ಓರಗೆಯ ಮಕ್ಕಳ ಆಟದಲ್ಲಿ ಅವರಿಗೆ ನುಡಿ ತಾನಾಗಿ ಹತ್ತುತ್ತದೆ. ಹಾಗೆಯೇ ಹೊರನಾಡಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದವಳು ಕನ್ನಡ ಕಲಿಯಲು ತೊಡಗಿದಾಗ ಅವಳ ತಪ್ಪನ್ನು ಅಕ್ಕರೆಯಿಂದ ತಿದ್ದಿರಿ. ಅವಳ ತವರಿನ ನಾಲ್ಕು ಮಾತುಗಳನ್ನು ನೀವೂ ಕಲಿಯಿರಿ. ದೂರದಿಂದ ಬಂದವರನ್ನು ‘ಇವನಾರವ’ ಎನ್ನದೆ ನಮ್ಮವರೆಂದು ಸೇರಿಸಿಕೊಂಡ ಕಲ್ಯಾಣದ ವಾರಸುದಾರರು ನಾವು. ಆ ಸೇರಿಸಿಕೊಳ್ಳುವಿಕೆ ಆರಂಭವಾಗುವುದು ನುಡಿಯಿಂದಲೇ.