ಒಂದು ಕಲ್ಲು, ನಾಲ್ಕು ವಿಳಾಸ: ಶಾಸನಗಳ ಆನ್‌ಲೈನ್ ಕ್ಯಾಟಲಾಗ್ ಹೇಗಿರಬೇಕು?

ಆತಕೂರಿನ ಶಾಸನ ನಿಮಗೆ ಗೊತ್ತೇ ಇರುತ್ತೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸುದ್ದಿಯೂ ಅದರಲ್ಲೇ ಇದೆ. ಈಗ ಈ ಶಾಸನವನ್ನು ಹುಡುಕಬೇಕು ಅಂದ್ಕೊಳ್ಳಿ. ಎಲ್ಲಿ ಹುಡುಕ್ತೀರಿ?

ಊರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಕಲ್ಲು ಇರುವುದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟದಲ್ಲಿ, ಅಂದರೆ ಮೈಸೂರು ಜಿಲ್ಲೆಯ ಸಂಪುಟದಲ್ಲಿ, ಇದು ಮಂಡ್ಯ ತಾಲ್ಲೂಕಿನ 41ನೇ ಶಾಸನ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ರೈಸ್ ಕಾಲಕ್ಕೆ ಅದು ಇನ್ನೂ ಮೈಸೂರಿನೊಳಗೇ ಇತ್ತು. ಇದೇ ಶಾಸನವನ್ನು ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಹೀಗೆ ಒಂದೇ ಕಲ್ಲಿಗೆ ಹಲವು ವಿಳಾಸ. ಅಚ್ಚಿನ ಪುಸ್ತಕ ಒಂದು ವಿಳಾಸವನ್ನಷ್ಟೇ ಹಿಡಿದಿಡುತ್ತದೆ. ಎಲ್ಲವನ್ನೂ ಕೊಂಡಿ ಹಾಕಿ ಜೋಡಿಸುವುದು ಹೈಪರ್‌ಟೆಕ್ಸ್ಟ್‌ನ ಕೆಲಸ. ಆ ಪದವನ್ನು ಟೆಡ್ ನೆಲ್ಸನ್ ಬಳಕೆಗೆ ತಂದದ್ದು 1965ರಲ್ಲಿ.

ಇದು ಬರೀ ವಿದ್ವಾಂಸರ ಅನುಕೂಲದ ಮಾತಲ್ಲ. ಕೆರೆ ಏರಿ ಮೇಲೆ, ರಸ್ತೆ ಅಗಲ ಮಾಡುವ ಕಡೆ ಯಾರಿಗೋ ಒಂದು ಅಕ್ಷರದ ಕಲ್ಲು ಕಾಣುತ್ತದೆ. ಅವರ ಮೊದಲ ಪ್ರಶ್ನೆ: “ಇದನ್ನ ಯಾರಾದ್ರೂ ಓದಿದಾರಾ?” ಉತ್ತರ ಬೇಗ ಸಿಗದಿದ್ದರೆ ಎರಡು ಅಪಾಯ. ಓದಿ ಅಚ್ಚಾಗಿರುವ ಶಾಸನವೇ “ಹೊಸ ಶೋಧ” ಅಂತ ಪತ್ರಿಕೆಯಲ್ಲಿ ಬರುತ್ತದೆ. ಇಲ್ಲವೇ, ಯಾರೂ ಓದದ ಕಲ್ಲು “ಪುಸ್ತಕದಲ್ಲಿ ಇದ್ದೇ ಇರುತ್ತೆ ಬಿಡಿ” ಎಂಬ ಮಾತಿಗೆ ಬಲಿಯಾಗಿ ಜೆಸಿಬಿ ಪಾಲಾಗುತ್ತದೆ.

ಹಾಗಾದರೆ ಒಳ್ಳೆಯ ಕ್ಯಾಟಲಾಗ್‌ನಲ್ಲಿ ಏನೇನಿರಬೇಕು?

ಮೊದಲನೆಯದು, ಕಲ್ಲು ಬೇರೆ, ಪಾಠ ಬೇರೆ, ಅಚ್ಚಾದ ಆವೃತ್ತಿ ಬೇರೆ. ಗ್ರಂಥಾಲಯದವರು ಇಂಥ ವಿಂಗಡಣೆಯನ್ನು ಚೆನ್ನಾಗಿ ಬಲ್ಲರು. ಕೃತಿ, ಅದರ ಪಾಠ, ಅದರ ಮುದ್ರಣ, ಕೈಯಲ್ಲಿರುವ ಪ್ರತಿ ಎಂದು ನಾಲ್ಕು ಹಂತ ಮಾಡಿದ ಮಾದರಿಯನ್ನು ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟವಾದ ಇಫ್ಲಾ 1998ರಲ್ಲಿ ಪ್ರಕಟಿಸಿತು. ಶಾಸನಕ್ಕೂ ಇದು ಒಗ್ಗುತ್ತದೆ. ಕಲ್ಲಿಗೊಂದು ಪುಟ; ಅದರಲ್ಲಿ ಕೆತ್ತಿರುವ ಒಂದೊಂದು ಬರಹಕ್ಕೂ ಒಂದು ಪುಟ; ಅಲ್ಲಿಂದ ರೈಸ್, ಫ್ಲೀಟ್, ಹೊಸ ಆವೃತ್ತಿ, ಪಡಿಯಚ್ಚು, ಫೋಟೋಗಳಿಗೆ ಕೊಂಡಿ.

ಎರಡನೆಯದು, ಬದಲಾಗದ ಸಂಖ್ಯೆ. ತಾಲ್ಲೂಕು ಒಡೆಯುತ್ತದೆ, ಜಿಲ್ಲೆ ಹುಟ್ಟುತ್ತದೆ, ಕಲ್ಲೇ ಮ್ಯೂಸಿಯಂಗೆ ಹೋಗುತ್ತದೆ. ಆದ್ದರಿಂದ ಸಂಖ್ಯೆಯೊಳಗೆ ಊರಿನ ಹೆಸರು ಇರಲೇಬಾರದು. ಹಳೆಯ ನಂಬರುಗಳನ್ನು ಬಿಸಾಕುವಂತೆಯೂ ಇಲ್ಲ. ನೂರು ವರ್ಷದ ಲೇಖನಗಳೆಲ್ಲ ಅವನ್ನೇ ಉಲ್ಲೇಖಿಸುತ್ತವೆ. ಹಳೆಯ ನಂಬರು ಹಾಕಿದರೂ ಅದೇ ಪುಟ ತೆರೆಯಬೇಕು.

ಮೂರನೆಯದು, ಕಾಗುಣಿತ ಬಲ್ಲ ಹುಡುಕಾಟ. ಶಾಸನದಲ್ಲಿ ಗೞ್ದೆ, ಗರ್ದೆ, ಗದ್ದೆ ಮೂರೂ ಸಿಗುತ್ತವೆ. ಗಂಗ ಎಂಬುದು ಗಙ್ಗ ಎಂದೂ ಬರುತ್ತದೆ. ಇಂದಿನ ಓದುಗರು ಟೈಪ್ ಮಾಡೋದು ಗದ್ದೆ, ಗಂಗ ಅಂತಲೇ. ಹುಡುಕುವಾಗ ಇವೆಲ್ಲ ಒಂದೇ ಎಂದು ಎಣಿಸಬೇಕು. ತೋರಿಸುವಾಗ ಮಾತ್ರ ಕಲ್ಲಿನಲ್ಲಿ ಇದ್ದಂತೆಯೇ ತೋರಿಸಬೇಕು. ಒಂದು ತಮಾಷೆ ನೋಡಿ: ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ೞ ಅಕ್ಷರಕ್ಕೆ ತಪ್ಪಾಗಿ “ಫ” ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ ಅದು ಹಾಗೇ ಉಳಿದಿದೆ. ತಂತ್ರಾಂಶ ಬರೆಯುವವರು ಬರೀ ಹೆಸರು ನಂಬಿ ಕೂತರೆ ಕೆಟ್ಟರು.

ನಾಲ್ಕನೆಯದು, ಕಾಲ. ಆತಕೂರಿನ ಶಾಸನ ಹೇಳುವುದು ಶಕವರ್ಷ 872, ಸೌಮ್ಯ ಸಂವತ್ಸರ. ನಾವು ಕ್ರಿ.ಶ. 949–50 ಎನ್ನುವುದು ಲೆಕ್ಕ ಹಾಕಿ. ಮೂಲದ ಮಾತನ್ನೂ ಲೆಕ್ಕದ ಫಲವನ್ನೂ ಬೇರೆ ಬೇರೆ ಕಾಲಂನಲ್ಲಿ ಇಡಬೇಕು. ಕಾಲ ಹೇಳದ ಶಾಸನಕ್ಕೆ ಲಿಪಿ ನೋಡಿ ಊಹಿಸಿದ್ದರೆ “ಲಿಪಿಯ ಆಧಾರದಿಂದ” ಎಂದು ಕಾಣುವಂತೆ ಬರೆಯಬೇಕು. ಇಲ್ಲದಿದ್ದರೆ ಊಹೆಯೇ ಸತ್ಯವಾಗಿ ಹರಡುತ್ತದೆ.

ಕೊನೆಯದು, ದಾರಿ ಮುಚ್ಚಬಾರದು. “ಫಲಿತಾಂಶ ಇಲ್ಲ” ಎಂದು ಖಾಲಿ ಪುಟ ತೋರಿಸುವುದು ಬಾಗಿಲು ಹಾಕಿದ ಹಾಗೆ. ಹತ್ತಿರದ ಊರುಗಳು, ಹೋಲುವ ಹೆಸರುಗಳನ್ನು ಅಲ್ಲೇ ಕೊಡಬೇಕು. ಯಾವ್ಯಾವ ಸಂಪುಟ ಸೇರಿದೆ, ಯಾವುದು ಇನ್ನೂ ಸೇರಿಲ್ಲ ಎಂಬುದನ್ನೂ ಹೇಳಬೇಕು. ಕ್ಯಾಟಲಾಗ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಕಲ್ಲನ್ನು ಯಾರೂ ಓದಿಲ್ಲ ಅಂತಲ್ಲ. “ಇಲ್ಲಿ ಕ್ಲಿಕ್ ಮಾಡಿ” ಎನ್ನುವ ಕೊಂಡಿಗಿಂತ “ಇದೇ ಊರಿನ ಇತರ ವೀರಗಲ್ಲುಗಳು” ಎನ್ನುವ ಕೊಂಡಿ ಮೇಲು. ಎಲ್ಲಿಗೆ ಹೋಗ್ತೀವಿ ಅನ್ನೋದು ಮೊದಲೇ ತಿಳಿಯುತ್ತದೆ.

ಓದುಗರ ಸಮಯ ಉಳಿಸಿ ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಹೇಳಿದ್ದರು. ಮೇಲಿನದೆಲ್ಲ ಅದರ ವಿಸ್ತರಣೆಯೇ.

ಮುಂದಿನ ಸಲ ಯಾವುದಾದರೂ ಶಾಸನ ಕ್ಯಾಟಲಾಗ್ ಕಂಡರೆ ಆತಕೂರನ್ನೇ ಹಾಕಿ ನೋಡಿ: ಒಮ್ಮೆ ಊರಿನ ಹೆಸರಿನಿಂದ, ಒಮ್ಮೆ ಬೂತುಗನ ಹೆಸರಿನಿಂದ, ಒಮ್ಮೆ ರೈಸ್ ಕೊಟ್ಟ ನಂಬರಿನಿಂದ. ಮೂರು ದಾರಿಯೂ ಒಂದೇ ಕಲ್ಲಿನ ಮುಂದೆ ತಂದು ನಿಲ್ಲಿಸಿದರೆ ಆ ಕ್ಯಾಟಲಾಗನ್ನು ನಂಬಬಹುದು. ನೀವು ಶಾಸನದ ಫೋಟೋ ಹಾಕುವಾಗಲೂ ಊರಿನ ಹೆಸರಷ್ಟೇ ಬರೆಯಬೇಡಿ. ಆವೃತ್ತಿ, ಸಂಪುಟ, ತಾಲ್ಲೂಕು, ನಂಬರು ನಾಲ್ಕನ್ನೂ ಸೇರಿಸಿ. ನಾಳೆ ಹುಡುಕುವವರಿಗೆ ಅದೇ ಕೊಂಡಿ.