ಮಂಜುಗಡ್ಡೆಯ ಮೇಲಿನ ಆಟ, ಕಾಗದದ ಮೇಲಿನ ಲೆಕ್ಕ

ಕ್ರೀಡೆಗಳ ಚರಿತ್ರೆಯನ್ನು ಸ್ಮರಿಸುವುದಕ್ಕೆ ಧ್ವಜ, ಮೆರವಣಿಗೆ, ಭಾಷಣಗಳೇ ಆಗಬೇಕೆಂದಿಲ್ಲ. ಒಂದು ಸೀಸದಕಡ್ಡಿ, ಒಂದು ಹಾಳೆ ಕಾಗದ, ಎರಡು ಮಂಜುಗಡ್ಡೆಯ ತುಂಡುಗಳಿದ್ದರೆ ಹಿಮವನ್ನೇ ಕಾಣದ ನಾಡಿನ ವಿದ್ಯಾರ್ಥಿಗಳೂ ಚಳಿಗಾಲದ ಒಲಿಂಪಿಕ್ಸಿನ ಹಬ್ಬವನ್ನು ಆಚರಿಸಬಹುದು. ಹೇಗೆಂಬುದನ್ನು ನೋಡೋಣ.

1924ರ ಜನವರಿ 25ರಂದು ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವಣ ಶಾಮೊನಿ ಎಂಬ ಊರಿನಲ್ಲಿ 16 ರಾಷ್ಟ್ರಗಳ ಸ್ಪರ್ಧಾಳುಗಳು ನೆರೆದರು. ಆಗ ಅದು ಕೇವಲ ‘ಅಂತರರಾಷ್ಟ್ರೀಯ ಚಳಿಗಾಲದ ಕ್ರೀಡಾ ಸಪ್ತಾಹ’. ಮೊದಲನೆಯ ಚಳಿಗಾಲದ ಒಲಿಂಪಿಕ್ಸೆಂಬ ಮನ್ನಣೆ ದೊರೆತದ್ದು ಆಮೇಲೆ. ಮೊದಲ ಚಿನ್ನದ ಪದಕವನ್ನು ಗಳಿಸಿದವನು ಅಮೆರಿಕದ ಚಾರ್ಲ್ಸ್ ಜೂಟ್ರಾ. ಸ್ಕೇಟುಗಳ ಮೇಲೆ ಜಾರುತ್ತ 500 ಮೀಟರ್ ದೂರವನ್ನು ಅವನು 44 ಸೆಕೆಂಡುಗಳಲ್ಲಿ ಕ್ರಮಿಸಿದನು. ಭಾಗಿಸಿ ನೋಡಿದರೆ, ಸರಾಸರಿ ವೇಗ ಗಂಟೆಗೆ ಸುಮಾರು 41 ಕಿಲೋಮೀಟರ್. 100 ಮೀಟರನ್ನು 10 ಸೆಕೆಂಡುಗಳಲ್ಲಿ ಓಡುವವನ ಸರಾಸರಿ ವೇಗವಾದರೋ 36 ಕಿಲೋಮೀಟರ್ ಮಾತ್ರ.

ಮಂಜುಗಡ್ಡೆ ಇಷ್ಟೊಂದು ಜಾರುವುದೇಕೆ? ಸ್ಕೇಟಿನ ಅಲಗಿನ ಒತ್ತಡದಿಂದ ಅದು ಕರಗಿ, ನೀರಿನ ಪದರವುಂಟಾಗುವುದೆಂದು 1886ರಲ್ಲಿ ಜಾನ್ ಜೋಲಿ ಸೂಚಿಸಿದನು. ಇದನ್ನೂ ಲೆಕ್ಕಹಾಕಿ ಪರೀಕ್ಷಿಸೋಣ. 60 ಕಿಲೋಗ್ರಾಂ ತೂಕದ ಮನುಷ್ಯನು 3 ಚದರ ಸೆಂಟಿಮೀಟರ್ ಅಲಗಿನ ಮೇಲೆ ನಿಂತರೆ ಒತ್ತಡ ಸುಮಾರು 20 ವಾಯುಭಾರ. ಒಂದೊಂದು ವಾಯುಭಾರಕ್ಕೂ ಮಂಜುಗಡ್ಡೆಯ ಕರಗುವ ಬಿಂದು 0.0075 ಡಿಗ್ರಿಯಷ್ಟು ಇಳಿಯುತ್ತದೆ. ಒಟ್ಟು ಇಳಿತ 0.15 ಡಿಗ್ರಿ. ಆದರೆ ಸೊನ್ನೆಗಿಂತ 10 ಡಿಗ್ರಿ ಕೆಳಗೂ ಜನ ಸುಲಭವಾಗಿ ಜಾರುತ್ತಾರೆ! ಆದ್ದರಿಂದ ಒತ್ತಡವೊಂದೇ ಸಾಲದು. ಅಲಗಿನ ಘರ್ಷಣೆಯಿಂದ ಹುಟ್ಟುವ ಶಾಖವು ಮುಖ್ಯವೆಂದು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಪ್ರಯೋಗಗಳಿಂದ ತೋರಿಸಿದರು.

ಇನ್ನೊಂದು ಕಾರಣವನ್ನು ನಮ್ಮ ಕೈಯಿಂದಲೇ ಕಾಣಬಹುದು. ಕರಗತೊಡಗಿದ ಎರಡು ಮಂಜುಗಡ್ಡೆಯ ತುಂಡುಗಳನ್ನು ಮೆಲ್ಲನೆ ಒಂದಕ್ಕೊಂದು ತಾಗಿಸಿ ಹಿಡಿಯಿರಿ, ಅವು ಅಂಟಿಕೊಳ್ಳುತ್ತವೆ. ಇದನ್ನು ಕಂಡ ಮೈಕೇಲ್ ಫ್ಯಾರಡೆ, ಮಂಜುಗಡ್ಡೆಯ ಹೊರಮೈಯಲ್ಲಿ ಸದಾ ತೆಳುವಾದ ದ್ರವದ ಪದರವಿದೆಯೆಂದೂ, ಎರಡು ತುಂಡುಗಳ ನಡುವೆ ಸಿಕ್ಕಿದ ಪದರವು ಹೆಪ್ಪುಗಟ್ಟುವುದೆಂದೂ 1850ರಲ್ಲಿ ಊಹಿಸಿದನು. ಹೊರಮೈಯ ಅಣುಗಳಿಗೆ ಮೇಲುಗಡೆ ಜೊತೆಗಾರರಿಲ್ಲ. ಅವುಗಳ ಬಂಧನ ಸಡಿಲ. ಆತನ ಊಹೆ ಬಹುಮಟ್ಟಿಗೆ ಸರಿಯೆಂದು ಈಚಿನ ಸಂಶೋಧನೆಗಳು ತೋರಿಸಿವೆ.

ಕೊನೆಯದಾಗಿ ಮತ್ತೊಂದು ಲೆಕ್ಕ. ಶಾಮೊನಿಯ ಸ್ಕೀ ನೆಗೆತದಲ್ಲಿ ನಾರ್ವೆಯ ಥೋರ್ಲೀಫ್ ಹೌಗ್‌ನಿಗೆ 18.000 ಅಂಕಗಳೂ ಅಮೆರಿಕದ ಆಂಡರ್ಸ್ ಹೌಗೆನ್‌ನಿಗೆ 17.916 ಅಂಕಗಳೂ ಬಂದವೆಂದು ಬರೆದುಕೊಂಡರು. ಕಂಚಿನ ಪದಕ ಹೌಗ್‌ನ ಪಾಲಾಯಿತು. ಐವತ್ತು ವರ್ಷಗಳ ಅನಂತರ, 1974ರಲ್ಲಿ, ಹಳೆಯ ಲೆಕ್ಕವನ್ನು ಮತ್ತೆ ಮಾಡಿ ನೋಡಿದಾಗ ಹೌಗ್‌ನ ನಿಜವಾದ ಅಂಕ ಹೌಗೆನ್‌ನ ಅಂಕಕ್ಕಿಂತ ಕಡಿಮೆ ಎಂದು ಹೊರಬಿದ್ದಿತು. ಹೌಗ್ ತೀರಿಕೊಂಡು ನಲವತ್ತು ವರ್ಷಗಳಾಗಿದ್ದವು. ಅವನ ಮಗಳು ತಂದೆಯ ಪದಕವನ್ನು 85 ವರ್ಷದ ಹೌಗೆನ್‌ನ ಕೈಗೆ ತಾನೇ ಒಪ್ಪಿಸಿದಳು.

ಉತ್ತರವನ್ನು ಇನ್ನೊಮ್ಮೆ ತಾಳೆ ನೋಡಿರೆಂದು ಉಪಾಧ್ಯಾಯರು ಹೇಳಿದಾಗ ಬೇಸರಪಡುವ ವಿದ್ಯಾರ್ಥಿಗಳು ಆ ಮುದುಕನನ್ನು ನೆನೆಯಲಿ.